ಮದ್ದು ಹಿಡಿಯುವುದು ಅಂದರೆ

"ಮದ್ದು ಹಿಡೀತಾ?"

ಅಮ್ಮನಿಗೆ ಕಾಯಿಲೆ ಶುರುವಾದ ಮೇಲೆ ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಇದು. ಸಕಲೇಶಪುರದ ಸಂತೆಯಲ್ಲಿ ಕೇಳಿದ್ದಾರೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಕೇಳಿದ್ದಾರೆ. ಹಾಸನದ ಬಸ್ಸಿನಲ್ಲಿ ಗುರುತು ಪರಿಚಯ ಇಲ್ಲದವರೂ ಅಮ್ಮನ ಬೆರಳು ನೋಡಿ ಕೇಳಿದ್ದಾರೆ. ನಮ್ಮ ಕಡೆ ಮದ್ದು 'ಕೆಲಸ ಮಾಡ್ತು' ಅನ್ನುವವರು ಕಡಿಮೆ. ಮದ್ದು ಹಿಡಿಯುತ್ತದೆ. ಬಟ್ಟೆಗೆ ಬಣ್ಣ ಹಿಡಿದ ಹಾಗೆ, ಗಿಡಕ್ಕೆ ಕಸಿ ಹಿಡಿದ ಹಾಗೆ. ಒಂದು ಗಿಡಕ್ಕೆ ಹಿಡಿದ ಕಸಿ ಪಕ್ಕದ ಗಿಡಕ್ಕೆ ಹಿಡಿಯದೇ ಹೋಗುವುದೂ ಉಂಟು.

ನಮ್ಮ ಮನೆಯಲ್ಲಿ ಆಗಿದ್ದೂ ಅದೇ. ಅಮ್ಮನಿಗೂ ಚಿಕ್ಕಮ್ಮನಿಗೂ ಒಂದೇ ಕಾಯಿಲೆ, ರುಮಟಾಯ್ಡ್ ಆರ್ಥ್ರೈಟಿಸ್. ದೇಹದ ರೋಗನಿರೋಧಕ ಶಕ್ತಿ ತನ್ನದೇ ಕೀಲುಗಳ ಮೇಲೆ ತಿರುಗಿಬೀಳುವ ಕೀಲುಬೇನೆ ಅದು. ಅಮ್ಮ ಸಕಲೇಶಪುರದ ಕಡೆ, ಚಿಕ್ಕಮ್ಮ ಮೂಡಿಗೆರೆಯಲ್ಲಿ. ಅಕ್ಕತಂಗಿಯರು ಒಂದೇ ಮನೆಯಲ್ಲಿ ಬೆಳೆದವರು, ಒಂದೇ ಬಾವಿಯ ನೀರು ಕುಡಿದವರು. ಡಾಕ್ಟರ್ ಒಬ್ಬರೇ, ಬರೆದುಕೊಟ್ಟ ಮಾತ್ರೆಯೂ ಒಂದೇ. ಚಿಕ್ಕಮ್ಮನಿಗೆ ಹಿಡಿಯಿತು. ಅಮ್ಮನಿಗೆ ಹಿಡಿಯಲಿಲ್ಲ.

ಯಾಕೆ ಅನ್ನೋದು ನನ್ನನ್ನು ಇಷ್ಟು ವರ್ಷ ಬಿಟ್ಟಿಲ್ಲ. ನಾನು ಹಾಸನದಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುತ್ತೇನೆ. ರೋಗನಿರೋಧಕ ಶಕ್ತಿಯ ಅಧ್ಯಾಯವನ್ನು ಪ್ರತಿ ವರ್ಷ ಹೇಳಿಕೊಡುತ್ತೇನೆ. ಆದರೂ ಮನೆಗೆ ಬಂದ ಕಾಯಿಲೆಯ ಮುಂದೆ ಆ ಅಧ್ಯಾಯ ಬಹಳ ಚಿಕ್ಕದು ಅನ್ನಿಸಿತು. ಹಾಗಾಗಿ ರಾತ್ರಿ ಕೂತು ಓದಲು ಶುರು ಮಾಡಿದೆ.

ಕಾಯಿಲೆ ಮೊದಲು ಕಾಣಿಸಿದ್ದು ರೊಟ್ಟಿ ತಟ್ಟುವಾಗ. 2017ರ ಮಳೆಗಾಲ. ನಮ್ಮ ಮನೆಯಲ್ಲಿ ಬೆಳಿಗ್ಗೆ ಅಕ್ಕಿ ರೊಟ್ಟಿ. ಉಕ್ಕರಿಸಿದ ಹಿಟ್ಟನ್ನು ಬಿಸಿಬಿಸಿ ಇರುವಾಗಲೇ ನಾದಬೇಕು, ಆರಿದರೆ ರೊಟ್ಟಿ ಒಡೆಯುತ್ತದೆ. ಒಂದು ದಿನ ಅಮ್ಮ ಹಿಟ್ಟಿನ ಮೇಲೆ ಕೈ ಇಟ್ಟು ಸುಮ್ನೆ ನಿಂತಿದ್ದರು. ನಾನು "ಏನಾಯ್ತಮ್ಮ?" ಅಂದೆ. "ಬೆರಳು ಮಡಚಕ್ಕೆ ಆಗ್ತಿಲ್ಲ ಕಣೆ. ಬಿಸಿ ಹಿಟ್ಟಿಗೆ ಕೈ ಕೊಟ್ರೆ ಸ್ವಲ್ಪ ಹಿತ ಅನ್ನಿಸುತ್ತೆ" ಅಂದರು. ಹತ್ತು ಗಂಟೆ ಹೊತ್ತಿಗೆ ಕೈ ಸರಿಹೋಯಿತು. ಮರುದಿನ ಬೆಳಿಗ್ಗೆ ಮತ್ತೆ ಅದೇ.

ಬೆಳಿಗ್ಗೆ ಬಿಗಿತ, ಹೊತ್ತೇರಿದ ಹಾಗೆ ಸಡಿಲ. ಈ ಕಾಯಿಲೆಯ ದೊಡ್ಡ ಗುರುತೇ ಅದು ಅಂತ ಆಮೇಲೆ ಗೊತ್ತಾಯಿತು. ಇಂಟರ್‌ಲ್ಯೂಕಿನ್-6 ಅಂತ ಒಂದು ಪ್ರೋಟೀನ್ ಇದೆ. ರೋಗನಿರೋಧಕ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ಪ್ರೋಟೀನುಗಳಲ್ಲಿ ಅದೂ ಒಂದು. ಈ ಕಾಯಿಲೆ ಇರುವವರ ರಕ್ತದಲ್ಲಿ ಅದು ಬೆಳಗಿನ ಜಾವ ಏರುತ್ತದೆ. ಉರಿಯೂತವನ್ನು ಹದ್ದಿನಲ್ಲಿಡುವ ದೇಹದ ಸ್ವಂತ ಹಾರ್ಮೋನ್ ಕಾರ್ಟಿಸೋಲ್ ರಾತ್ರಿ ತಗ್ಗಿರುತ್ತದೆ, ಬೆಳಗಾಗುವ ಹೊತ್ತಿಗೆ ಏರಿದರೂ ಅದಕ್ಕೆ ಸಾಲುವುದಿಲ್ಲ. ಅಮ್ಮ ಒಲೆ ಮುಂದೆ ನಿಲ್ಲುವ ಹೊತ್ತೂ ಅದೇ.

ಆಗ ನಮಗೆ ಇದೆಲ್ಲ ಗೊತ್ತಿರಲಿಲ್ಲ. ಊರಲ್ಲಿ ಎಲ್ಲರೂ ಚಿಕುನ್‌ಗುನ್ಯಾ ಇರಬೇಕು ಅಂದರು. 2006ರಲ್ಲಿ ಆ ಜ್ವರ ಕರ್ನಾಟಕವನ್ನೆಲ್ಲ ಸುತ್ತಿದ್ದು ನಮ್ಮ ಕಡೆಯವರು ಮರೆತಿಲ್ಲ. ಜ್ವರ ಬಿಟ್ಟು ತಿಂಗಳುಗಟ್ಟಲೆ ಆದರೂ ಕೀಲು ಹಿಡಿದುಕೊಂಡು ಕೂತವರು ಎಷ್ಟೋ ಜನ. ಹಾಗಾಗಿ ಕೀಲು ನೋವು ಅಂದ ಕೂಡಲೇ ಅದೇ ಬಾಯಿಗೆ ಬರುತ್ತದೆ. ಆಮೇಲೆ ಒಬ್ಬ ಡಾಕ್ಟರ್ ಹತ್ತಿರ ಹೋದೆವು. ಅವರು ಕೊಟ್ಟ ಪುಟ್ಟ ಬಿಳಿ ಮಾತ್ರೆ ಎರಡೇ ದಿನದಲ್ಲಿ ಪವಾಡದ ಹಾಗೆ ಹಿಡಿಯಿತು. ಅಮ್ಮ ಓಡಾಡಿಕೊಂಡು ಕಾಫಿ ಕುಯ್ಲಿಗೂ ಹೋದರು. ಎಂಟು ತಿಂಗಳು ಅದನ್ನೇ ನುಂಗಿದರು. ಮುಖ ದುಂಡಗಾಯಿತು, ಸಕ್ಕರೆ ಏರಿತು. ಅದು ಸ್ಟೀರಾಯ್ಡ್ ಅಂತ ನಮಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಆ ಎಂಟು ತಿಂಗಳು ನೋವು ಮುಚ್ಚಿಹೋಗಿತ್ತು, ಕಾಯಿಲೆ ಒಳಗೊಳಗೇ ಮೂಳೆ ತಿನ್ನುತ್ತಿತ್ತು. ಈಗಲೂ ಅದು ನೆನಪಾದರೆ ನನಗೆ ಹೊಟ್ಟೆ ಉರಿಯುತ್ತದೆ.

ಸ್ಟೀರಾಯ್ಡನ್ನು ನಾನು ಬೈಯುವುದಿಲ್ಲ. ಅದರ ಕಥೆ ದೊಡ್ಡದು. ಅಮೆರಿಕದ ಮೇಯೋ ಕ್ಲಿನಿಕ್ಕಿನ ಫಿಲಿಪ್ ಹೆಂಚ್ ಅನ್ನುವ ವೈದ್ಯರು 1929ರಲ್ಲಿ ಒಂದು ವಿಚಿತ್ರ ಗಮನಿಸಿದರು. ಕೀಲುಬೇನೆಯ ರೋಗಿಯೊಬ್ಬರಿಗೆ ಕಾಮಾಲೆ ಬಂದಾಗ ಕೀಲು ನೋವು ತಾನಾಗಿಯೇ ಇಳಿಯಿತು. ಬಸಿರಿ ಹೆಂಗಸರಲ್ಲೂ ಇಳಿಯುವುದನ್ನು ಕಂಡರು. ಹಾಗಾದರೆ ದೇಹದೊಳಗೇ ಏನೋ ಒಂದು ಮದ್ದು ತಯಾರಾಗುತ್ತಿರಬೇಕು ಅಂದುಕೊಂಡರು. ಸುಮಾರು ಇಪ್ಪತ್ತು ವರ್ಷ ಅದೇ ಯೋಚನೆ. 1948ರಲ್ಲಿ, ಓಡಾಡಲು ಆಗದೆ ಹಾಸಿಗೆ ಹಿಡಿದಿದ್ದ 29 ವರ್ಷದ ಹೆಂಗಸಿಗೆ ಕಾರ್ಟಿಸೋನ್ ಅನ್ನುವ ಸ್ಟೀರಾಯ್ಡ್ ಚುಚ್ಚಿದರು. ಕೆಲವೇ ದಿನದಲ್ಲಿ ಆಕೆ ಎದ್ದು ನಡೆದರು. 1950ರಲ್ಲಿ ಹೆಂಚ್, ರಸಾಯನ ವಿಜ್ಞಾನಿಗಳಾದ ಕೆಂಡಾಲ್, ರೈಶ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ಜಾಸ್ತಿ ದಿನ ಕೊಟ್ಟರೆ ಏನಾಗುತ್ತದೆ ಅನ್ನುವುದು ಅಷ್ಟರಲ್ಲೇ ಕಾಣತೊಡಗಿತ್ತು. ಎಪ್ಪತ್ತು ವರ್ಷ ಕಳೆದ ಮೇಲೆ ಅಮ್ಮನ ಮುಖದಲ್ಲಿ ನಾವು ಕಂಡಿದ್ದು ಅದನ್ನೇ.

ಕೊನೆಗೆ ಹಾಸನದಲ್ಲಿ, ತಿಂಗಳಿಗೊಂದು ಸಲ ಬೆಂಗಳೂರಿನಿಂದ ಬರುವ ತಜ್ಞ ವೈದ್ಯೆಯೊಬ್ಬರು ಸಿಕ್ಕರು. ಮೊದಲ ದಿನ ಅವರು ಮಾಡಿದ ಕೆಲಸ ನನ್ನ ಕಣ್ಣಲ್ಲಿ ಇನ್ನೂ ಇದೆ. ಅಮ್ಮನ ಎರಡೂ ಕೈ ತಮ್ಮ ಕೈಯಲ್ಲಿ ಹಿಡಿದು, ಒಂದೊಂದೇ ಗೆಣ್ಣನ್ನು ಹೆಬ್ಬೆರಳಿನಿಂದ ಒತ್ತುತ್ತಾ ಹೋದರು. ಹಣ್ಣು ಮಾಗಿದೆಯಾ ಅಂತ ನೋಡುವಷ್ಟು ಮೆಲ್ಲಗೆ. "ಅಮ್ಮ, ಇಲ್ಲಿ ನೋಯುತ್ತಾ? ಇಲ್ಲಿ?" ಭುಜ ಎರಡು, ಮೊಣಕೈ ಎರಡು, ಮಣಿಕಟ್ಟು ಎರಡು, ಬೆರಳುಗಳ ಗೆಣ್ಣು ಇಪ್ಪತ್ತು, ಮಂಡಿ ಎರಡು. ಒಟ್ಟು 28. ಎಷ್ಟು ಕೀಲು ನೋಯುತ್ತವೆ, ಎಷ್ಟು ಊದಿವೆ, ರಕ್ತದಲ್ಲಿ ಉರಿಯೂತದ ಅಳತೆಯಾದ ಇಎಸ್‌ಆರ್ ಎಷ್ಟು, ರೋಗಿಗೆ ಹೇಗನ್ನಿಸುತ್ತಿದೆ, ಎಲ್ಲ ಸೇರಿಸಿ ಒಂದು ಅಂಕಿ. ಡಿಎಎಸ್-28 ಅಂತ ಅದರ ಹೆಸರು. ಮದ್ದು ಹಿಡಿಯಿತೋ ಇಲ್ಲವೋ ಅಂತ ಡಾಕ್ಟರುಗಳು ಅಳೆಯುವುದು ಅದರಲ್ಲೇ.

ಅಮ್ಮ ಕೇಳಿದರು, "ಮೇಡಂ, ಪಾದ ಒತ್ತಿ ನೋಡಲ್ವಾ? ಬೆಳಿಗ್ಗೆ ಕಾಲು ಕೆಳಗಿಟ್ರೆ ಜಲ್ಲಿ ಮೇಲೆ ನಿಂತ ಹಾಗಾಗುತ್ತೆ." ಆ 28ರಲ್ಲಿ ಪಾದ ಬರುವುದಿಲ್ಲ. ಮೇಡಂ ನಕ್ಕು, ಕೆಳಗೆ ಕೂತು, ಪಾದವನ್ನೂ ಒತ್ತಿ ನೋಡಿದರು. ಅಂಕಿಗೆ ಸೇರಿಸಲಿಲ್ಲ, ಆದರೆ ಚೀಟಿಯ ಅಂಚಿನಲ್ಲಿ ಬರೆದುಕೊಂಡರು. ಆ ದಿನ ನನಗೆ ಅವರ ಮೇಲೆ ಹುಟ್ಟಿದ ಗೌರವ ಇವತ್ತಿಗೂ ಕಡಿಮೆ ಆಗಿಲ್ಲ.

ಉರಿಯೂತ ಅನ್ನುವ ನಮ್ಮ ಪದ ನನಗೆ ಬಹಳ ಇಷ್ಟ. ಉರಿ, ಊತ, ಎರಡೂ ಅದರಲ್ಲೇ ಇದೆ. ಎರಡು ಸಾವಿರ ವರ್ಷದ ಹಿಂದೆ ರೋಮಿನ ಸೆಲ್ಸಸ್ ಬರೆದಿಟ್ಟ ನಾಲ್ಕು ಲಕ್ಷಣ ಕೆಂಪು, ಊತ, ಬಿಸಿ, ನೋವು. ಎರಡನ್ನು ನಮ್ಮ ಪದವೇ ಹೇಳಿಬಿಡುತ್ತದೆ. ಕೀಲಿನ ಒಳಗೆ ಒಂದು ತೆಳ್ಳನೆಯ ಪೊರೆ ಇರುತ್ತದೆ, ಸೈನೋವಿಯಮ್. ಆರೋಗ್ಯವಂತರಲ್ಲಿ ಅದರ ಮೇಲ್ಪದರ ಒಂದೆರಡು ಕೋಶದಷ್ಟೇ ದಪ್ಪ. ಕೀಲು ಜಾರುವಂತೆ ಲೋಳೆ ಸುರಿಸುವುದು ಅದರ ಕೆಲಸ. ಈ ಕಾಯಿಲೆಯಲ್ಲಿ ಟಿ ಕೋಶ, ಬಿ ಕೋಶ, ಮ್ಯಾಕ್ರೋಫೇಜ್ ಅನ್ನುವ ರೋಗನಿರೋಧಕ ಕೋಶಗಳೆಲ್ಲ ಅಲ್ಲಿಗೆ ಬಂದು ಬೀಡುಬಿಡುತ್ತವೆ. ಪೊರೆ ಊದಿ ದಪ್ಪವಾಗಿ, ಮೃದ್ವಸ್ಥಿಯ ಮೇಲೆ ಹಬ್ಬಿ, ಮೂಳೆಯನ್ನು ಕೊರೆಯುತ್ತದೆ. ಪೊರೆಯ ಸ್ವಂತ ಕೋಶಗಳಾದ ಫೈಬ್ರೋಬ್ಲಾಸ್ಟ್‌ಗಳೂ ಇವುಗಳ ಜೊತೆ ಸೇರಿಕೊಳ್ಳುತ್ತವೆ. ಹೊರಗಿನಿಂದ ನಮಗೆ ಕಾಣುವುದು ಊದಿದ ಗೆಣ್ಣು ಮಾತ್ರ.

ಮೇಡಂ ಬರೆದ ಮೊದಲ ಮಾತ್ರೆ ಮೆಥೊಟ್ರೆಕ್ಸೇಟ್. ವಾರಕ್ಕೆ ಒಂದೇ ದಿನ. ಇದನ್ನು ಓದುವವರ ಮನೆಯಲ್ಲಿ ಯಾರಾದರೂ ಆ ಮಾತ್ರೆ ನುಂಗುತ್ತಿದ್ದರೆ ದಯವಿಟ್ಟು ಮತ್ತೊಂದು ಸಲ ಚೀಟಿ ನೋಡಿ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಬಾಯಿ ಹುಣ್ಣಾಗುತ್ತದೆ, ರಕ್ತಕಣ ಕುಸಿಯುತ್ತದೆ. ನಾನು ಅಮ್ಮನ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಟ್ಟಿದ್ದೆ. ಚಿಕ್ಕಮ್ಮನ ಮನೆಯ ಕ್ಯಾಲೆಂಡರಿಗೂ ಹಾಕಿಕೊಟ್ಟೆ.

ಈ ಮದ್ದಿನ ಹಿಂದೆ ನಮ್ಮ ಪಕ್ಕದ ರಾಜ್ಯದವರೊಬ್ಬರಿದ್ದಾರೆ. ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಅವರ ತಂಡ ಫೋಲಿಕ್ ಆಮ್ಲ ಅನ್ನುವ ವಿಟಮಿನ್ನಿನ ಮೇಲೆ ಕೆಲಸ ಮಾಡಿತು, ಆಮೇಲೆ ಅದಕ್ಕೆ ಎದುರು ನಿಲ್ಲುವ, ಮೆಥೊಟ್ರೆಕ್ಸೇಟ್ ಜಾತಿಯ ಮದ್ದುಗಳನ್ನೂ ತಯಾರಿಸಿತು. ಅವನ್ನು ಮೊದಲು ಕೊಟ್ಟಿದ್ದು ರಕ್ತದ ಕ್ಯಾನ್ಸರ್ ಬಂದ ಮಕ್ಕಳಿಗೆ. ಸುಬ್ಬರಾವ್ 1948ರಲ್ಲೇ ತೀರಿಕೊಂಡರು. ಮೆಥೊಟ್ರೆಕ್ಸೇಟ್ ಕೀಲುಬೇನೆಗೂ ಆಗುತ್ತದೆ ಅಂತ ಅಮೆರಿಕದ ಸರ್ಕಾರ ಒಪ್ಪಿಗೆ ಕೊಟ್ಟಿದ್ದು 1988ರಲ್ಲಿ. ಆ ನಲವತ್ತು ವರ್ಷದಲ್ಲಿ ಎಷ್ಟು ಜನರ ಬೆರಳು ಸೊಟ್ಟಗಾಗಿರಬಹುದು ಅಂತ ಯೋಚಿಸಿದರೆ ಸಂಕಟ ಆಗುತ್ತದೆ.

ಮೆಥೊಟ್ರೆಕ್ಸೇಟ್ ಹಿಡಿಯಲು ಸಮಯ ಬೇಕು. ಆರು ವಾರದಿಂದ ಮೂರು ತಿಂಗಳು. ಚಿಕ್ಕಮ್ಮನಿಗೆ ಎರಡನೇ ತಿಂಗಳಲ್ಲಿ ಹಿಡಿಯಿತು. ಫೋನ್ ಮಾಡಿ, "ಇವತ್ತು ಶಾವಿಗೆ ಒರಳು ನಾನೇ ತಿರುಗಿಸಿದೆ ಕಣೆ ಪುಟ್ಟಿ" ಅಂದರು. ಅಮ್ಮ ಪಕ್ಕದಲ್ಲೇ ಇದ್ದರು. ತಂಗಿಗೆ ಒಳ್ಳೆಯದಾಯಿತು ಅನ್ನುವ ಸಂತೋಷ ಮುಖದಲ್ಲಿತ್ತು. ಫೋನ್ ಇಟ್ಟ ಮೇಲೆ ಮಾತ್ರ, "ನನ್ನದೇನು ಕರ್ಮವೋ, ಪಥ್ಯ ಸರಿ ಮಾಡಲಿಲ್ವೋ" ಅಂದರು. ಆ ಮಾತು ನನಗೆ ಬಹಳ ನೋವು ಕೊಟ್ಟಿತು. ಮದ್ದು ಹಿಡಿಯದಿದ್ದರೆ ನಮ್ಮಲ್ಲಿ ತಪ್ಪು ರೋಗಿಯ ಮೇಲೇ ಬರುತ್ತದೆ. ಬದನೆಕಾಯಿ ತಿಂದೆ, ತಣ್ಣೀರಲ್ಲಿ ಕೈ ಇಟ್ಟೆ, ಡಾಕ್ಟರ ಕೈಗುಣ ಆಗಿಬರಲಿಲ್ಲ, ದೇವರಿಗೆ ಹರಕೆ ಬಾಕಿ ಇದೆ. ಅಮ್ಮ ಒಂದು ಭಾನುವಾರವನ್ನೂ ತಪ್ಪಿಸಿರಲಿಲ್ಲ.

ಮುಂದಿನದು ಇಂಜೆಕ್ಷನ್. ಟಿಎನ್‌ಎಫ್ ಅನ್ನುವ ಇನ್ನೊಂದು ಸುದ್ದಿಗಾರ ಪ್ರೋಟೀನನ್ನು ಕಟ್ಟಿಹಾಕುವ ಮದ್ದು. ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ ಅವರ ತಂಡ ಊದಿದ ಕೀಲಿನ ಪೊರೆಯ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ ನೋಡಿತ್ತು. ಟಿಎನ್‌ಎಫ್ ಒಂದನ್ನೇ ತಡೆದರೂ ಇಂಟರ್‌ಲ್ಯೂಕಿನ್-1 ಕೂಡ ಇಳಿಯಿತು. 1992ರಲ್ಲಿ ಮೊದಲ ರೋಗಿಗಳಿಗೆ ಕೊಟ್ಟರು. ಈಗ ಪ್ರಪಂಚದಲ್ಲಿ ಲಕ್ಷಾಂತರ ಜನ ಆ ಜಾತಿಯ ಮದ್ದಿನ ಮೇಲೆ ಓಡಾಡುತ್ತಿದ್ದಾರೆ. ಅದರಲ್ಲಿ ಅಡಾಲಿಮುಮಾಬ್ ಅನ್ನುವುದನ್ನು ಅಹಮದಾಬಾದಿನ ಜೈಡಸ್ ಕಂಪನಿ 2014ರ ಕೊನೆಯಲ್ಲಿ ಕಡಿಮೆ ಬೆಲೆಗೆ ತಂದಿತು. ಅದು ಬಂದಿರದಿದ್ದರೆ ನಮ್ಮಂಥವರು ಆ ಇಂಜೆಕ್ಷನ್ನಿನ ಹೆಸರನ್ನೂ ಎತ್ತುವ ಹಾಗಿರಲಿಲ್ಲ.

ಆದರೆ ಚುಚ್ಚುವ ಮೊದಲು ಮೇಡಂ ಕೇಳಿದರು, "ಮನೇಲಿ ಯಾರಿಗಾದ್ರೂ ಟಿಬಿ ಇತ್ತಾ?" ನನ್ನ ತಾತನಿಗೆ ಕ್ಷಯ ಇತ್ತು. ಅಮ್ಮ ಆಗ ಚಿಕ್ಕ ಹುಡುಗಿ, ತಾತನ ಪಕ್ಕವೇ ಮಲಗುತ್ತಿದ್ದರಂತೆ. ಕೈಗೆ ಮಾಂಟೂ ಪರೀಕ್ಷೆಯ ಸೂಜಿ ಚುಚ್ಚಿದರು. ಎರಡು ದಿನ ಬಿಟ್ಟು ನೋಡಿದರೆ ದೊಡ್ಡದಾಗಿ ಗಟ್ಟಿ ಉಬ್ಬು. ಅಂದರೆ ಅಷ್ಟು ವರ್ಷದ ಹಿಂದಿನ ಟಿಬಿ ರೋಗಾಣು ಅಮ್ಮನ ದೇಹದಲ್ಲಿ ಮಲಗಿರಬಹುದು. ದೇಹ ಅದನ್ನು ಕೋಶಗಳ ಒಂದು ಗಂಟಿನೊಳಗೆ ಕೂಡಿಹಾಕಿ ಇಟ್ಟಿರುತ್ತದೆ. ಆ ಗಂಟು ಬಿಚ್ಚದ ಹಾಗೆ ನೋಡಿಕೊಳ್ಳುವುದು ಅದೇ ಟಿಎನ್‌ಎಫ್! ಕೀಲನ್ನು ಹಾಳು ಮಾಡುವ ಪ್ರೋಟೀನೇ ಶ್ವಾಸಕೋಶವನ್ನು ಕಾಯುತ್ತದೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪ್ರಪಂಚದಲ್ಲೇ ಅತಿ ಹೆಚ್ಚು ಟಿಬಿ ರೋಗಿಗಳಿರುವ ದೇಶ ನಮ್ಮದು. ಈ ಪರೀಕ್ಷೆ ಬಿಟ್ಟು ಯಾರೂ ಆ ಇಂಜೆಕ್ಷನ್ ಚುಚ್ಚಿಸಿಕೊಳ್ಳಬಾರದು. ಅಮ್ಮನಿಗೆ ಮೊದಲು ಒಂದು ತಿಂಗಳು ಟಿಬಿಗೆ ಕೊಡುವ ಐಸೋನಿಯಾಜಿಡ್ ಮಾತ್ರೆ ಕೊಟ್ಟು, ಅದನ್ನು ಮುಂದುವರಿಸುತ್ತಲೇ ಇಂಜೆಕ್ಷನ್ ಶುರು ಮಾಡಿದರು.

ಹಿಡಿಯಿತು. ಒಂದೂವರೆ ವರ್ಷ ಚೆನ್ನಾಗಿ ಹಿಡಿಯಿತು. ಆಮೇಲೆ ಮೆಲ್ಲಗೆ ಬಿಟ್ಟುಕೊಟ್ಟಿತು. ಇಂಜೆಕ್ಷನ್ನಿನ ಮದ್ದೂ ಒಂದು ಪ್ರೋಟೀನ್ ತಾನೆ? ಕೆಲವರ ದೇಹ ಅದರ ವಿರುದ್ಧವೇ ಪ್ರತಿಕಾಯ ತಯಾರಿಸುತ್ತದೆ. ನಡುವೆ 2020 ಬಂತು. ಕೊರೊನಾಕ್ಕೆ ಆಗುತ್ತದಂತೆ ಅಂತ ಎಲ್ಲರೂ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಂಡಿಟ್ಟುಕೊಂಡರು. ಚಿಕ್ಕಮ್ಮ ದಿನಾ ನುಂಗುತ್ತಿದ್ದ ಮಾತ್ರೆ ಅದು. ಮೂಡಿಗೆರೆಯಲ್ಲಿ ಇಲ್ಲ, ಚಿಕ್ಕಮಗಳೂರಿನಲ್ಲಿ ಇಲ್ಲ. ಹಾಸನದಲ್ಲಿ ನಾಲ್ಕು ಅಂಗಡಿ ಅಲೆದು ಎರಡು ಸ್ಟ್ರಿಪ್ ಹುಡುಕಿ, ತರಕಾರಿ ಗಾಡಿಯವರ ಕೈಲಿ ಕಳಿಸಿದೆ.

ಅಮ್ಮನಿಗೆ ಇಂಜೆಕ್ಷನ್ ಬಿಟ್ಟುಕೊಟ್ಟ ದಿನಗಳಲ್ಲೇ ಒಂದು ಸಂಜೆ ಅಪ್ಪ ತೋಟದಿಂದ ಒಂದು ಅರೇಬಿಕಾ ಗಿಡ ಕಿತ್ತು ತಂದರು. ಎಲೆಯೆಲ್ಲ ಹಳದಿ. ಅಂಗಳದಲ್ಲಿ ಕೂತು ಕತ್ತಿಯಿಂದ ಕಾಂಡ ಸೀಳಿದರು. ಒಳಗೆ ಸುರಂಗ, ಸುರಂಗದ ತುಂಬ ಒತ್ತಿ ತುಂಬಿದ ಹೊಟ್ಟಿನಂಥ ಪುಡಿ. "ನೋಡು, ಬೋರರ್ ಬಿದ್ದಿದೆ" ಅಂದರು. ಕಾಂಡ ಕೊರೆಯುವ ಹುಳ ಅದು. "ಬೇರು ಕೊಳೆತ್ರೂ ಎಲೆ ಹಳದಿಯೇ, ಬೋರರ್ ಬಿದ್ರೂ ಹಳದಿಯೇ, ಗೊಬ್ಬರ ಸಾಲದಿದ್ರೂ ಹಳದಿಯೇ. ಎಲೆ ನೋಡ್ಕೊಂಡು ಗೊಬ್ಬರ ಸುರಿದ್ರೆ ಏನು ಬಂತು? ಸೀಳಿ ನೋಡ್ಬೇಕು." ಕೆಂಪು ಪೆನ್ನಿನ ಕ್ಯಾಲೆಂಡರ್ ಅವರ ತಲೆಯ ಹಿಂದೆಯೇ ಗೋಡೆಯಲ್ಲಿ ನೇತಾಡುತ್ತಿತ್ತು. ಅಮ್ಮನ ವಿಷಯದಲ್ಲಿ ನಾವೆಲ್ಲ ಇಷ್ಟು ವರ್ಷ ಎಲೆ ನೋಡುತ್ತಿದ್ದೆವು ಅನ್ನಿಸಿತು.

ಸೀಳಿ ನೋಡುವ ಸಂಶೋಧನೆ ಪ್ರಪಂಚದಲ್ಲಿ ನಡೆಯುತ್ತಲೇ ಇದೆ. ಅಲ್ಟ್ರಾಸೌಂಡಿನಲ್ಲಿ ನೋಡುತ್ತಾ, ಜಾಗ ಮರಗಟ್ಟಿಸಿ, ಸೂಜಿಯಿಂದ ಕೀಲಿನ ಪೊರೆಯ ಚೂರುಗಳನ್ನು ತೆಗೆಯುತ್ತಾರೆ. ಅಕ್ಕಿ ಕಾಳಿಗಿಂತ ಚಿಕ್ಕವು. 2021ರಲ್ಲಿ ಲಂಡನ್ನಿನ ಇನ್ನೊಂದು ತಂಡದ ಮುಂದಾಳತ್ವದಲ್ಲಿ ನಡೆದ ಒಂದು ಅಧ್ಯಯನ ಪ್ರಕಟವಾಯಿತು, ಆರ್4ಆರ್‌ಎ ಅಂತ. ಯುರೋಪಿನ 5 ದೇಶ, 19 ಆಸ್ಪತ್ರೆ, 164 ರೋಗಿಗಳು. ಎಲ್ಲರೂ ಅಮ್ಮನ ಹಾಗೆ ಟಿಎನ್‌ಎಫ್ ಮದ್ದು ಸರಿಯಾಗಿ ಹಿಡಿಯದವರು. ಕೆಲವರಿಗೆ ರಿಟುಕ್ಸಿಮಾಬ್ ಕೊಟ್ಟರು, ಅದು ಬಿ ಕೋಶಗಳನ್ನು ಇಲ್ಲವಾಗಿಸುವ ಮದ್ದು. ಉಳಿದವರಿಗೆ ಟೊಸಿಲಿಜುಮಾಬ್, ಅದು ಇಂಟರ್‌ಲ್ಯೂಕಿನ್-6ಕ್ಕೆ ದಾರಿ ಮುಚ್ಚುವ ಮದ್ದು. ಕೇಳಿದ ಪ್ರಶ್ನೆ ಬಹಳ ಸರಳ. ಯಾರ ಕೀಲಿನಲ್ಲಿ ಬಿ ಕೋಶವೇ ಕಡಿಮೆ ಇದೆಯೋ ಅವರಿಗೆ ಬಿ ಕೋಶ ಕೊಲ್ಲುವ ಮದ್ದು ಕೊಟ್ಟರೆ ಏನು ಪ್ರಯೋಜನ?

ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗಿಗಳನ್ನು ಬೇರೆ ಮಾಡಿದಾಗ ಉತ್ತರ ಖಚಿತವಾಗಿ ಸಿಗಲಿಲ್ಲ. ಆ ಚೂರಿನ ಆರ್‌ಎನ್‌ಎ ಓದಿ ಬೇರೆ ಮಾಡಿದಾಗ ಸಿಕ್ಕಿತು. ಕೋಶ ಆ ಹೊತ್ತಿನಲ್ಲಿ ಯಾವ ಯಾವ ಜೀನುಗಳನ್ನು ಬಳಸುತ್ತಿದೆ ಅನ್ನುವ ಲೆಕ್ಕ ಆರ್‌ಎನ್‌ಎಯಲ್ಲಿರುತ್ತದೆ. ಬಿ ಕೋಶ ಕಡಿಮೆ ಇದ್ದವರಲ್ಲಿ ಟೊಸಿಲಿಜುಮಾಬ್ ನೂರಕ್ಕೆ 63 ಜನರಿಗೆ ಹಿಡಿಯಿತು, ರಿಟುಕ್ಸಿಮಾಬ್ 36 ಜನರಿಗೆ. ನಾನು ಆ ಸಾಲನ್ನು ಮೂರು ಸಲ ಓದಿದೆ. ಅದರಲ್ಲಿ ಕರ್ಮ ಇಲ್ಲ, ಪಥ್ಯ ಇಲ್ಲ, ಕೈಗುಣ ಇಲ್ಲ. ಮದ್ದು ಹೋಗಿ ಹಿಡಿಯಬೇಕಾದ ಕೋಶವೇ ಅಲ್ಲಿ ಸಾಕಷ್ಟು ಇರಲಿಲ್ಲ.

2023ರಲ್ಲಿ ನೇಚರ್ ಪತ್ರಿಕೆಯಲ್ಲಿ ಇನ್ನೊಂದು ಬಂತು. ಅಮೆರಿಕ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಕೀಲಿನ ಪೊರೆಯ ಮೂರು ಲಕ್ಷಕ್ಕೂ ಹೆಚ್ಚು ಕೋಶಗಳನ್ನು ಒಂದೊಂದಾಗಿ ಓದಿದ್ದರು. ನಾವು ಒಂದೇ ಹೆಸರಿನಿಂದ ಕರೆಯುವ ಈ ಕಾಯಿಲೆ ಅವರಿಗೆ ಆರು ಬಗೆಯಾಗಿ ಕಂಡಿತು. ಕೆಲವರ ಕೀಲಿನಲ್ಲಿ ಟಿ ಮತ್ತು ಬಿ ಕೋಶಗಳು ತುಂಬಿವೆ. ಕೆಲವರಲ್ಲಿ ಮ್ಯಾಕ್ರೋಫೇಜ್‌ಗಳು. ಇನ್ನು ಕೆಲವರಲ್ಲಿ ಫೈಬ್ರೋಬ್ಲಾಸ್ಟ್‌ಗಳೇ ಜಾಸ್ತಿ. ಅಮ್ಮನದು ಯಾವ ಬಗೆ, ಚಿಕ್ಕಮ್ಮನದು ಯಾವ ಬಗೆ? ಯಾರೂ ನೋಡಿಲ್ಲ. ನೋಡುವ ಏರ್ಪಾಡು ನಮ್ಮ ಊರಿನ ಆಸ್ಪತ್ರೆಗಳಿಗೆ ಇನ್ನೂ ಬಂದಿಲ್ಲ. ಆದರೆ ಅಕ್ಕತಂಗಿಯರ ಕೀಲಿನೊಳಗೆ ಬೇರೆ ಬೇರೆ ಕೋಶಗಳು ಸೇರಿರಬಹುದು ಅನ್ನುವುದೇ ನನಗೆ ಸಮಾಧಾನ ತಂದಿತು. ಅದನ್ನು ಅಮ್ಮನಿಗೆ ಕೂತು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನನ್ನ ತಪ್ಪಲ್ಲ ಅಲ್ವಾ?" ಅಂದರು.

ನನಗೆ ಒಂದು ಆಸೆ ಇದೆ, ಬಚ್ಚಿಡುವುದಿಲ್ಲ. ಚಿಕುನ್‌ಗುನ್ಯಾ ಕಂಡ ಕೀಲು, ಟಿಬಿ ಮಲಗಿರುವ ಎದೆ ನಮ್ಮವು. ಲಂಡನ್ನಿನ ರೋಗಿಯ ಕೀಲಿನ ಲೆಕ್ಕ ನಮ್ಮವರಿಗೂ ಸರಿಹೊಂದುತ್ತದಾ ಅಂತ ನೋಡಬೇಕಾದರೆ ಮಲೆನಾಡಿನ ಹೆಂಗಸರ ಬೆರಳುಗಳೂ ಆ ಅಧ್ಯಯನಗಳಲ್ಲಿ ಇರಬೇಕು. ಒಂದೊಂದು ಮದ್ದನ್ನು ಮೂರು ಮೂರು ತಿಂಗಳು ಕೊಟ್ಟು ನೋಡುವಾಗ ಕಳೆಯುವುದು ಬರೀ ತಿಂಗಳಲ್ಲ. ಆ ತಿಂಗಳುಗಳಲ್ಲಿ ಸವೆದ ಮೂಳೆ ಮತ್ತೆ ಮೊದಲಿನ ಹಾಗೆ ಬೆಳೆಯುವುದಿಲ್ಲ.

ಅಮ್ಮ ಈಗ ಟೊಫಾಸಿಟಿನಿಬ್ ಮಾತ್ರೆಯ ಮೇಲಿದ್ದಾರೆ. ಸುದ್ದಿ ಕೋಶದ ಬಾಗಿಲವರೆಗೂ ಬರುತ್ತದೆ, ಒಳಗೆ ದಾಟಿಸುವ ಜ್ಯಾಕ್ ಅನ್ನುವ ಕಿಣ್ವವನ್ನು ಇದು ತಡೆಯುತ್ತದೆ. ಈಗ ನಮ್ಮ ದೇಶದಲ್ಲೇ ಹಲವು ಕಂಪನಿಗಳು ಇದನ್ನು ಮಾಡುತ್ತವೆ, ಬೆಲೆ ಕೈಗೆಟುಕುತ್ತದೆ. ಸರ್ಪಸುತ್ತು ಬರಬಹುದು, ಮೈಮೇಲೆ ಗುಳ್ಳೆ ಸಾಲು ಕಂಡರೆ ಅದೇ ದಿನ ಫೋನ್ ಮಾಡಿ ಅಂತ ಮೇಡಂ ಹೇಳಿದ್ದಾರೆ. ಇದುವರೆಗೆ ಬಂದಿಲ್ಲ. ಇಎಸ್‌ಆರ್ ಇಳಿದಿದೆ. 28ರಲ್ಲಿ ನೋಯುವುದು ಎರಡೋ ಮೂರೋ.

ಕಳೆದ ಗೌರಿ ಹಬ್ಬಕ್ಕೆ ಅಮ್ಮ, ಚಿಕ್ಕಮ್ಮ, ನಾನು ಮೂವರೂ ಬಳೆ ತೊಡಲು ಹೋದೆವು. ಕಾಯಿಲೆ ಶುರುವಾದ ವರ್ಷ ಅಮ್ಮನ ಗಾಜಿನ ಬಳೆಗಳನ್ನು ಒಡೆದೇ ತೆಗೆದಿದ್ದೆವು, ಊದಿದ ಗೆಣ್ಣು ದಾಟಿ ಬರಲಿಲ್ಲ ಅಂತ. ಆಮೇಲೆ ಅವರು ಬಳೆ ತೊಟ್ಟಿರಲಿಲ್ಲ. ಬಳೆಗಾರಮ್ಮ ಅಮ್ಮನ ಬಲಗೈ ಹಿಡಿದು, ಬೆರಳುಗಳನ್ನು ಕೂಡಿಸಿ ಒತ್ತಿ, ಹಸಿರು ಬಳೆ ಒಂದೊಂದಾಗಿ ಏರಿಸಿದರು. ಹನ್ನೆರಡೂ ಹೋದವು. ಎಡಗೈ ಹಿಡಿದರು. ಆ ಕೈಯ ಬೆರಳುಗಳು ಕಿರುಬೆರಳಿನ ಕಡೆಗೆ ವಾಲಿವೆ. ಊತ ಇಲ್ಲ, ನೋವೂ ಇಲ್ಲ, ಆದರೆ ಗೆಣ್ಣು ಕೂಡುವುದಿಲ್ಲ.

"ದೊಡ್ಡ ಅಳತೇದು ಕೊಡ್ಲಾ ಅಮ್ಮ?" ಅಂದರು ಬಳೆಗಾರಮ್ಮ.

"ಕೊಡಿ. ಎರಡೂ ಕೈಗೂ ಹಸಿರೇ ಇರಲಿ" ಅಂದರು ಅಮ್ಮ. ಚಿಕ್ಕಮ್ಮ ತಮ್ಮ ಕೈ ಮುಂದೆ ಚಾಚುವ ಮೊದಲು, ಅಕ್ಕನ ಎಡಗೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡು ತಾವೇ ಒಂದೊಂದಾಗಿ ತೊಡಿಸಿದರು.